ಎಡಗೈಯವರ ಕಂಪ್ಯೂಟರ್

ಪರದೆಯ ಮೇಲಿನ ಅಂಕಿ ಅರವತ್ತೊಂದಕ್ಕೆ ಬಂದು ನಿಂತು ನಾಲ್ಕು ನಿಮಿಷವಾಗಿತ್ತು.

"ಕೆಟ್ಟುಹೋಯ್ತಾ ಅಮ್ಮಿಣಿ?" ಎಂದು ಮಾಯಣ್ಣ ಕೇಳಿದರು. ಗೋಕಿಲಾಳನ್ನು ಅವರು ಮುದ್ದಿಗೆ ಕರೆಯುವುದು ಹಾಗೆ.

"ಇಲ್ಲ ಮಾಮಾ. ದೊಡ್ಡದೇನೋ ಬಿಚ್ತಾ ಇದೆ. ಇರಿ."

ಗೋಕಿಲಾ ಹಾಗೆ ಹೇಳಿದಳೇ ಹೊರತು ಮೇಜಿನ ಕೆಳಗೆ ಅವಳ ಕಾಲು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಗಂಟೆ ಒಂದೂ ಹತ್ತು. ಮೂರು ಗಂಟೆಗೆ ಈ ಕೋಣೆಗೆ ಬೀಗ ಹಾಕುತ್ತೇನೆಂದು ಮಿಲ್ಲಿನ ಒಡೆಯ ವೆಲ್ಲಿಂಗಿರಿ ಬೆಳಗ್ಗೆಯೇ ಹೇಳಿದ್ದರು. ನಾಳೆ ಹತ್ತೂವರೆಗೆ ಕೊಯಮತ್ತೂರಿನ ಕೋರ್ಟಿನಲ್ಲಿ ವಿಚಾರಣೆ.

ಸಾಕ್ಷಿ ಹೇಳಬೇಕಾದವರು ಡಿಸೈನ್ ಮಾಸ್ಟರ್ ರಾಮಲಿಂಗಂ. ಒಂಬತ್ತು ದಿನಗಳ ಹಿಂದೆ, ಒಂದು ಸೋಮವಾರ, ಇದೇ ಕೋಣೆಯ ಕಂಪ್ಯೂಟರಿನಲ್ಲಿ ಐದು ಸಾಲಿನ ಕಾಗದ ಬಿಟ್ಟು ಕಾಣೆಯಾಗಿದ್ದರು. 'ನನ್ನ ಇಷ್ಟದಿಂದಲೇ ಹೋಗುತ್ತಿದ್ದೇನೆ. ಕೋರ್ಟಿಗೆ ಬರುವುದಿಲ್ಲ. ಹುಡುಕಬೇಡಿ.' ಪೊಲೀಸರು ಅದನ್ನು ಓದಿ, ದೊಡ್ಡವರು ತಾವಾಗಿಯೇ ಹೋಗಿದ್ದಾರೆ ಎಂದು ಕಡತ ಮುಚ್ಚಿಟ್ಟಿದ್ದರು. ಮಗಳು ಜಯಪ್ರಿಯಾ ಮಾತ್ರ ಒಪ್ಪದೆ ಗೋಕಿಲಾಳ ಪತ್ತೇದಾರಿ ಕಚೇರಿಯ ಮೆಟ್ಟಿಲು ಹತ್ತಿದ್ದಳು.

ಪಾಲಿಟೆಕ್ನಿಕ್ಕಿನಲ್ಲಿ ಹನ್ನೆರಡು ವರ್ಷ ಕಂಪ್ಯೂಟರ್ ಪಾಠ ಹೇಳಿ, ಅದು ಬೇಸರವಾಗಿ ಈ ಕೆಲಸಕ್ಕೆ ಇಳಿದವಳು ಗೋಕಿಲಾ. ಮಾಯಣ್ಣ ಉಡುಮಲೈಪೇಟೆ ಕಡೆಯ ತೆಂಗಿನ ತೋಟದವರು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದ ಮೇಲೆ ಅವಳ ಜೊತೆ ಸೇರಿದ್ದರು. ಇಬ್ಬರಿಗೂ ಬೀದಿಯಲ್ಲಿ ತಮಿಳು, ಒಳಗೆ ಮನೆಮಾತು ಕನ್ನಡ.

"ಇನ್ನೊಂದ್ಸಲ ಹೇಳು," ಎಂದರು ಮಾಯಣ್ಣ. "ಈ ಡಬ್ಬ ನೋಡಿ ಆ ಮನುಷ್ಯ ಕಾಗದ ಬರೀಲಿಲ್ಲ ಅಂತ ಹೆಂಗೆ ಹೇಳ್ತೀಯ?"

ಗೋಕಿಲಾ ಎದುರಿನ ಮೇಜಿನತ್ತ ತೋರಿಸಿದಳು. ಅಲ್ಲಿದ್ದದ್ದು ರಾಮಲಿಂಗಂ ಅವರ ನಿಜವಾದ ಕಂಪ್ಯೂಟರ್. ಇವಳ ಮುಂದಿದ್ದದ್ದು ಅದೇ ಮಾದರಿಯ ಹಳೆಯ ಇನ್ನೊಂದು.

"ಅವರ ಬಲಗೈ ತೋರುಬೆರಳು ಮಡಚಲ್ಲ ಮಾಮಾ. ಹರೆಯದಲ್ಲಿ ಮಗ್ಗಕ್ಕೆ ಸಿಕ್ಕಿ ನರ ಹೋಗಿದೆ. ಬರಿಯೋದು, ಗೆರೆ ಎಳೆಯೋದು, ಎಲ್ಲ ಎಡಗೈ. ಮೌಸ್‌ನ ಎರಡು ಗುಂಡಿನೂ ಎಡಗೈಗೆ ಅದಲುಬದಲು ಮಾಡಿಟ್ಕೊಂಡಿದ್ರು ಅಂತ ಜಯಪ್ರಿಯಾ ಹೇಳಿದಳು. ಬೆಳಗ್ಗೆ ನಾನು ಆ ಮೆಷಿನ್ ತೆಗೆದರೆ ಮೌಸ್ ಬಲಗೈಗೆ ಇದೆ."

"ಅಂದ್ರೆ ಕೂತಿದ್ದು ಬೇರೆಯವರು."

"ಅಂತ ನಾನಂದೆ. ಸೆಂದಿಲ್ ಏನಂದ ಕೇಳಿದ್ರಲ್ಲ."

ಬಾಗಿಲ ಬಳಿ ನಿಂತಿದ್ದ ಸೆಂದಿಲ್ ತಲೆ ತಗ್ಗಿಸಿದ. ಮಿಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನು. ಮೂವತ್ತೆರಡು ವರ್ಷ, ಸಿರುಮುಗೈಯ ನೇಕಾರರ ಮನೆಯವನು. ಆ ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರ ಸಂಜೆ, ಡಿಸೈನ್ ಕೋಣೆಯ ಕಂಪ್ಯೂಟರಿನ ಲಿನಕ್ಸ್ ತಂತ್ರಾಂಶವನ್ನು ಅಪ್‌ಗ್ರೇಡ್ ಮಾಡಿದ್ದ. ಅದರ ಜೊತೆಗೆ ಪರದೆಯ ಮೇಲಿನ ಎಲ್ಲವನ್ನೂ ನಡೆಸುವ ಡೆಸ್ಕ್‌ಟಾಪ್ ಕೂಡ ಹೊಸ ಆವೃತ್ತಿಗೆ ಬದಲಾಗಿತ್ತು. ಹೊಸದು ಬಂದಾಗ ಹಳೆಯ ಸೆಟ್ಟಿಂಗುಗಳೆಲ್ಲ ಅಳಿಸಿಹೋದವು, ಮೌಸ್ ಬಲಗೈಗೆ ತಿರುಗಿದ್ದು ಹಾಗೆ ಎಂದು ಬೆಳಗ್ಗೆ ಎಲ್ಲರೆದುರು ಹೇಳಿದ್ದ.

ಅದು ನಿಜವಾದರೆ ಗೋಕಿಲಾಳ ಕೈಯಲ್ಲಿದ್ದ ಒಂದೇ ಸುಳಿವು ಗಾಳಿಗೆ ಹೋದಂತೆ.

ಆದರೆ ಸೆಂದಿಲ್ ಅಚ್ಚುಕಟ್ಟಾದ ಕೆಲಸಗಾರ. ಅಪ್‌ಗ್ರೇಡಿಗೆ ಮುಂಚೆ ಇಡೀ ಕಂಪ್ಯೂಟರಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟಿದ್ದ. ಗೋಕಿಲಾ ಆ ಪ್ರತಿಯನ್ನು ಹಳೆಯ ಕಂಪ್ಯೂಟರಿಗೆ ಹಾಕಿ, ಅವನು ಬಳಸಿದ ಅದೇ ಪೆನ್ ಡ್ರೈವಿನಿಂದ, ಅದೇ ಅಪ್‌ಗ್ರೇಡನ್ನು ಈಗ ಮತ್ತೆ ಮಾಡಿಸುತ್ತಿದ್ದಳು.

"ಜಕಾರ್ಡ್ ಮಗ್ಗ ಹೊಸದು ತಂದ್ರೂ ಡಿಸೈನ್ ತೂತು ಹೊಡೆದಿರೋ ಹಳೇ ಕಾರ್ಡಿನ ಕಟ್ಟು ಹಾಕಿದ್ರೆ ಅದೇ ಹೂವು ಬರ್ಬೇಕಲ್ವ," ಎಂದಳು. "ಇದೂ ಅಷ್ಟೆ. ಡೆಸ್ಕ್‌ಟಾಪ್ ಬದಲಾದ್ರೂ ನಮ್ಮ ಸೆಟ್ಟಿಂಗ್ ನಮ್ಮ ಫೋಲ್ಡರಿನಲ್ಲೇ ಇರುತ್ತೆ. ಹೊಸದು ಬಂದು ಅದನ್ನ ಓದ್ಕೋಬೇಕು. ಕೆಲವು ಸಲ ಓದಕ್ಕೆ ಬರಲ್ಲ. ಓದ್ತೋ ಇಲ್ವೋ ಅಂತ ಮಾಡೇ ನೋಡ್ಬೇಕು."

ಅಂಕಿ ಅರವತ್ತೆರಡಾಯಿತು.

ಅವಳನ್ನು ಕೊರೆಯುತ್ತಿದ್ದ ಇನ್ನೊಂದು ವಿಷಯವಿತ್ತು. ಎದ್ದು ನಿಜವಾದ ಕಂಪ್ಯೂಟರಿನ ಬಳಿ ಹೋಗಿ ಬೆಳಗಿನಿಂದ ಐದನೆಯ ಸಲ ಅದನ್ನು ನೋಡಿದಳು. ಪರದೆಯ ಕೆಳಗಿರಬೇಕಾದ ಐಕಾನುಗಳ ಪಟ್ಟಿ ಎಡಬದಿಗೆ ನಿಂತಿತ್ತು. ಅಕ್ಷರಗಳು ವಯಸ್ಸಾದ ಕಣ್ಣಿಗೆ ಬೇಕಾದಷ್ಟು ದೊಡ್ಡದಾಗಿದ್ದವು. ಹಿನ್ನೆಲೆಯಲ್ಲಿ ರಾಮಲಿಂಗಂ ಅವರ ತಾಯಿ ಸುಬ್ಬಾತಾಳ್ ಕೈಮಗ್ಗದ ಮುಂದೆ ಕೂತ ಹಳೆಯ ಫೋಟೋ.

"ಸೆಂದಿಲ್, ಎಲ್ಲ ಅಳಿಸಿಹೋಯ್ತು ಅಂದ್ಯಲ್ಲ. ಈ ಫೋಟೋ ಹೆಂಗೆ ಉಳೀತು?"

ಅವನು ಪರದೆಯತ್ತ ಒಂದು ಹೆಜ್ಜೆ ಬಂದು ನಿಂತ.

"ಪಟ್ಟಿ ಉಳಿದಿದೆ. ಅಕ್ಷರ ಉಳಿದಿದೆ. ಹೋಗಿರೋದು ಎರಡೇ. ಮೌಸು, ಆಮೇಲೆ ಅವರ ಈ-ಮೇಲ್. ಅಪ್‌ಗ್ರೇಡ್ ಅಷ್ಟು ಆರಿಸಿ ಆರಿಸಿ ಅಳಿಸುತ್ತಾ?"

"ಗೊತ್ತಿಲ್ಲ ಅಕ್ಕಾ," ಎಂದ ಸೆಂದಿಲ್. ಅವನ ಅಂಗಿಯ ಕಂಕುಳು ಒದ್ದೆಯಾಗಿತ್ತು. ಕೋಣೆಯಲ್ಲಿ ಏಸಿ ಓಡುತ್ತಿತ್ತು.

* * *

ಎರಡು ಗಂಟೆಗೆ ಐದು ನಿಮಿಷವಿರುವಾಗ ವೆಲ್ಲಿಂಗಿರಿ ಒಳಗೆ ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಎರಡು ಫೋನು. ಅವರ ಮಾತೆಲ್ಲ ತಮಿಳು, ಅದೂ ಮೆಲ್ಲಗೆ.

"ಆಯಿತಾ ಮೇಡಂ ನಿಮ್ಮ ಪರೀಕ್ಷೆ?"

"ಹತ್ತು ನಿಮಿಷ ಸಾರ್."

"ರಾಮಲಿಂಗಂ ಹದಿನೇಳು ವರ್ಷ ನನ್ನ ಜೊತೆ ಇದ್ದವರು. ಅವರು ಸಿಕ್ಕರೆ ನನಗೇ ಮೊದಲು ಸಂತೋಷ. ಆದರೆ ನೀವು ಮನುಷ್ಯನನ್ನು ಬಿಟ್ಟು ಮೌಸ್ ಹುಡುಕುತ್ತಿದ್ದೀರಿ."

ಗೋಕಿಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ರಾಮಲಿಂಗಂ ಕೋರ್ಟಿನಲ್ಲಿ ಏನು ಹೇಳಲಿದ್ದರೆಂದು ಅವಳಿಗೆ ಗೊತ್ತಿತ್ತು, ವೆಲ್ಲಿಂಗಿರಿಯವರಿಗೂ ಗೊತ್ತಿತ್ತು. ಮಿಲ್ಲು ತನ್ನದೆಂದು ನೋಂದಾಯಿಸಿಕೊಂಡ ಒಂದು ಸೀರೆಯಂಚಿನ ವಿನ್ಯಾಸ. ಅದನ್ನು ಇಲ್ಲಿಗೆ ಬರುವ ಮುಂಚೆಯೇ ಸಿರುಮುಗೈಯ ನೇಕಾರರ ಸಂಘಕ್ಕೆಂದು ಬರೆದುಕೊಟ್ಟವನು ತಾನು ಎಂಬ ಮಾತು. ಆ ಮಾತು ಆಡುವವರಿಲ್ಲದೆ ಹೋದರೆ ನಾಳೆಯಿಂದ ಇನ್ನೂರು ಮನೆಗಳ ಕೈಮಗ್ಗದಲ್ಲಿ ಆ ಅಂಚು ನೇಯುವಂತಿಲ್ಲ.

ಪರದೆ ಕಪ್ಪಾಯಿತು. ಕಂಪ್ಯೂಟರ್ ಒಮ್ಮೆ ಉಸಿರು ಬಿಟ್ಟಂತೆ ಸದ್ದು ಮಾಡಿ ಮತ್ತೆ ಎದ್ದಿತು. ಸೂಲೂರಿನ ಕಡೆಯಿಂದ ವಾಯುಪಡೆಯ ವಿಮಾನವೊಂದು ಕಿಟಕಿಯ ಗಾಜು ಅದುರಿಸಿ ಹೋಯಿತು. ಯಾರೂ ತಲೆ ಎತ್ತಲಿಲ್ಲ.

ಹೆಸರು ಕೇಳುವ ಪುಟ ಬಂತು. ಸೆಂದಿಲ್ ಬಂದು ರಾಮಲಿಂಗಂ ಖಾತೆಯನ್ನು ತೆರೆದು ಹಿಂದೆ ಸರಿದ.

ಪಟ್ಟಿ ಎಡಕ್ಕೇ ಬಂತು. ದೊಡ್ಡ ಅಕ್ಷರಗಳು ಬಂದವು. ಮಗ್ಗದ ಮುಂದೆ ಸುಬ್ಬಾತಾಳ್ ಬಂದು ಕೂತರು.

ಗೋಕಿಲಾ ಎದುರಿನ ಕಂಪ್ಯೂಟರಿನಿಂದ ಮೌಸನ್ನು ಕಿತ್ತು ತಂದು ಇದಕ್ಕೆ ಸಿಕ್ಕಿಸಿದಳು. ತಾನೇ ಮುಟ್ಟಿ ನೋಡಬೇಕೆಂದು ಕೈ ತುಡಿಯುತ್ತಿದ್ದರೂ ಕುರ್ಚಿ ಬಿಟ್ಟು ಎದ್ದಳು.

"ಸಾರ್, ನೀವೇ ಕೂತ್ಕೊಳ್ಳಿ. ಆ ಹಳದಿ ಫೋಲ್ಡರ್ ಒಂದು ತೆಗೀರಿ. ಸಾಕು."

ವೆಲ್ಲಿಂಗಿರಿ ನಕ್ಕರು. ಕೂತು, ಬಲಗೈಯನ್ನು ಮೌಸ್ ಮೇಲಿಟ್ಟು, ಎಲ್ಲರೂ ಒತ್ತುವ ಹಾಗೆ ತೋರುಬೆರಳಿನಿಂದ ಎರಡು ಸಲ ಒತ್ತಿದರು.

ಫೋಲ್ಡರ್ ತೆರೆಯಲಿಲ್ಲ. ಅದರ ಪಕ್ಕದಲ್ಲಿ ಉದ್ದನೆಯ ಆಯ್ಕೆಗಳ ಪಟ್ಟಿಯೊಂದು ಇಳಿಬಿದ್ದಿತು. ಅವರು ಮತ್ತೆ ಒತ್ತಿದರು. ಮತ್ತೆ ಅದೇ.

"ಮಧ್ಯದ ಬೆರಳಿಂದ ಆ ಕಡೆ ಗುಂಡಿ ಒತ್ತಿ ನೋಡಿ ಸಾರ್," ಎಂದಳು ಗೋಕಿಲಾ.

ಫೋಲ್ಡರ್ ತೆರೆದುಕೊಂಡಿತು.

ಮಾಯಣ್ಣ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಮೌಸ್ ಎಡಗೈಗೇ ಇತ್ತು. ಹೊಸ ಡೆಸ್ಕ್‌ಟಾಪ್ ಹಳೆಯ ಸೆಟ್ಟಿಂಗನ್ನು ಒಂದು ಚೂರೂ ಬಿಡದೆ ಓದಿಕೊಂಡಿತ್ತು.

ವೆಲ್ಲಿಂಗಿರಿ ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. "ಅಲ್ಲಿ ಮೌಸ್ ಬದಲಾಯಿಸಿರಬಹುದು. ಹೊಸ ಮೌಸ್ ಹಾಕಿದರೆ ಮೊದಲಿನಿಂದ ಶುರುವಾಗುತ್ತದೆ ಅಲ್ಲವೇ ಸೆಂದಿಲ್?"

"ಆಗುತ್ತೆ ಸಾರ್. ಒಂದೊಂದು ಮೌಸಿಗೂ ಬೇರೆ ಬೇರೆ ಬರ್ದಿಟ್ಕೊಳ್ಳುತ್ತೆ," ಎಂದ ಸೆಂದಿಲ್, ನೆಲ ನೋಡುತ್ತ.

"ಈಗ ಸಿಕ್ಕಿಸಿದ್ದು ಆ ಮೆಷಿನ್ನಿಂದ ತೆಗೆದ ಮೌಸೇ," ಎಂದಳು ಗೋಕಿಲಾ. "ಹೊಸದಾಗಿದ್ರೆ ಇಲ್ಲೂ ಬಲಗೈಗೇ ಇರ್ತಿತ್ತು. ಅದೂ ಸಾಲದು ಅಂದ್ರೆ ಇದನ್ನ ನೋಡಿ." ಬೆಳಗ್ಗೆ ಬರೆದುಕೊಂಡಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು. "ಮೌಸಿನ ಸೆಟ್ಟಿಂಗ್ ಇರೋ ಫೈಲ್ ಆ ಮೆಷಿನ್ನಲ್ಲಿ ಕೊನೇಸಲ ಬರೆದಿರೋದು ಶನಿವಾರ ಅಲ್ಲ. ಸೋಮವಾರ ಬೆಳಗ್ಗೆ ಹತ್ತು ಗಂಟೆ ಏಳು ನಿಮಿಷ. ಕಾಗದ ಉಳಿಸಿರೋದು ಹತ್ತು ಇಪ್ಪತ್ತಕ್ಕೆ. ಹದಿಮೂರು ನಿಮಿಷ ಮುಂಚೆ ಯಾರೋ ಕೈಯಾರೆ ತಿರುಗಿಸಿದ್ದಾರೆ ಸಾರ್."

"ಸೆಂದಿಲ್ ಇರಬೇಕು."

"ಸೆಂದಿಲ್ ಸೋಮವಾರ ರಜೆ," ಎಂದು ಮಾಯಣ್ಣ ನಡುವೆ ಬಂದರು. "ಮದುಕ್ಕರೈನಲ್ಲಿ ಭಾವನ ಮನೆ ಗೃಹಪ್ರವೇಶ. ನಿನ್ನೆ ನಾನೇ ಹೋಗಿ ವಿಡಿಯೋ ನೋಡಿ ಬಂದೆ. ಹತ್ತು ಗಂಟೆಗೆ ಬಾಗಿಲಿಗೆ ಮಾವಿನೆಲೆ ಕಟ್ತಾ ನಿಂತಿದಾನೆ."

ಸೆಂದಿಲ್ ತಟ್ಟನೆ ಮುಖ ಎತ್ತಿದ. ತನ್ನ ಬೆನ್ನ ಹಿಂದೆ ತನ್ನನ್ನೇ ತನಿಖೆ ಮಾಡಿದ್ದರೆಂದು ಅವನಿಗೆ ಈಗಲೇ ಗೊತ್ತಾದದ್ದು.

ವೆಲ್ಲಿಂಗಿರಿಯವರ ಒಂದು ಫೋನು ನಡುಗಿತು. ಅದನ್ನು ನೋಡಿ ಎದ್ದರು.

"ಮೌಸ್ ತೆಗೆದುಕೊಂಡು ಕೋರ್ಟಿಗೆ ಹೋಗಿ ಮೇಡಂ. ನ್ಯಾಯಾಧೀಶರು ಅದನ್ನೂ ಒಂದು ಸಾಕ್ಷಿ ಅಂತ ಕರೆಯುತ್ತಾರೋ ನೋಡೋಣ. ಮೂರು ಗಂಟೆಗೆ ಬೀಗ."

ಅವರು ಹೊರಗೆ ಹೋದ ಮೇಲೆ ಗೋಕಿಲಾ ಕುರ್ಚಿಯೊಂದನ್ನು ಸೆಂದಿಲ್ ಕಡೆಗೆ ಎಳೆದಳು. ಪಕ್ಕದ ಶೆಡ್ಡಿನ ಮಗ್ಗಗಳ ಬಡಿತ ಗೋಡೆಯ ಮೂಲಕ ಬರುತ್ತಿತ್ತು.

"ಕೂತ್ಕೋ," ಎಂದಳು ಗೋಕಿಲಾ. ಸೆಂದಿಲ್ ಕೂರಲಿಲ್ಲ.

"ಯಾಕಪ್ಪಾ ಸುಳ್ಳು ಹೇಳ್ದೆ?"

"ಪೂರಾ ಸುಳ್ಳಲ್ಲ ಅಕ್ಕಾ." ಅವನು ಗೋಡೆಗೆ ಒರಗಿದ. "ಮಂಗಳವಾರ ಬಂದು ನೋಡಿದ್ರೆ ಮಾಸ್ಟರ್ ಈ-ಮೇಲ್ ಒಂದೂ ಕಾಣಲ್ಲ. ಅವರ ಮೇಲ್ ಫೋಲ್ಡರೇ ಇಲ್ಲ. ನನ್ನ ಅಪ್‌ಗ್ರೇಡಿಂದ ಹೋಯ್ತು ಅಂತ ಭಯ ಆಯ್ತು. ಸಾರ್ ಹತ್ರ ಹೋಗಿ ಹೇಳ್ದೆ. ಯಾರು ಏನ್ ಕೇಳಿದ್ರೂ ಅಪ್‌ಗ್ರೇಡಲ್ಲಿ ಅಳಿಸಿಹೋಯ್ತು ಅಂತ ಹೇಳು, ಕೆಲಸ ಉಳಿಯುತ್ತೆ ಅಂದ್ರು."

"ಮೌಸ್ ವಿಷಯ?"

"ನೀವು ಇವತ್ತು ಕೇಳಿದಾಗಲೇ ನನಗೂ ಗೊತ್ತಾಗಿದ್ದು. ಅದೇ ಉತ್ತರ ಬಾಯಿಗೆ ಬಂತು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಮಾಸ್ಟರ್ ನನಗೆ ಕೆಲಸ ಕೊಡಿಸಿದೋರು ಅಕ್ಕಾ. ನಮ್ಮಪ್ಪನ ಜೊತೆ ಒಂದೇ ಬೀದೀಲಿ ನೇಯ್ದೋರು."

ಗೋಕಿಲಾ ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಇಷ್ಟು ಹೊತ್ತು ಅವನನ್ನು ಕಳ್ಳನಂತೆ ನಿಲ್ಲಿಸಿಕೊಂಡಿದ್ದಕ್ಕೆ ನಾಚಿಕೆಯಾಯಿತು. ಆದರೆ ನಾಚಿಕೆಗೆ ಸಮಯವಿರಲಿಲ್ಲ. ಅವಳ ತಲೆಯಲ್ಲಿ ಬೇರೊಂದು ತಿರುಗತೊಡಗಿತ್ತು.

ಅಲ್ಲಿ ಹೋಗಿರುವುದು ಎರಡು. ಮೌಸು ಇಲ್ಲಿ ಸರಿಯಾಗಿ ಬಂತು. ಹಾಗಾದರೆ ಮೇಲ್?

ಅವಳು ಎಡಬದಿಯ ಪಟ್ಟಿ ನೋಡಿದಳು. ಮೇಲಿನಿಂದ ಮೂರನೆಯದು ಲಕೋಟೆಯ ಚಿತ್ರ. ನಿಜವಾದ ಕಂಪ್ಯೂಟರಿನಲ್ಲಿ ಆ ಜಾಗ ಖಾಲಿ ಇತ್ತು. ತನ್ನ ಫೋನಿನ ಇಂಟರ್ನೆಟ್ಟನ್ನು ಈ ಕಂಪ್ಯೂಟರಿಗೆ ಜೋಡಿಸಿ, ಮಧ್ಯದ ಬೆರಳಿನಿಂದ ಆ ಲಕೋಟೆಯನ್ನು ಒತ್ತಿದಳು.

ಪಾಸ್‌ವರ್ಡ್ ಕೇಳಲಿಲ್ಲ. ರಾಮಲಿಂಗಂ ಅದನ್ನು ಇಲ್ಲೇ ಉಳಿಸಿಟ್ಟಿದ್ದರು. ಅದೂ ಹಳೆಯ ಸೆಟ್ಟಿಂಗಿನ ಜೊತೆಗೆ ಬಂದಿತ್ತು.

ಮೇಲುಗಳು ಒಂದೊಂದಾಗಿ ಇಳಿದವು. ನೂಲಿನ ಬಣ್ಣದ ಪಟ್ಟಿಗಳು, ಗ್ಯಾಸ್ ಬುಕಿಂಗು, ಸಂಘದವರ ಕಾಗದಗಳು. ವಿಶೇಷವೇನೂ ಇಲ್ಲ.

"ಅಮ್ಮಿಣಿ, ಅದೇನು ಕೆಳಗೆ?" ಮಾಯಣ್ಣ ಕನ್ನಡಕ ಮೇಲಕ್ಕೇರಿಸಿ ಬಗ್ಗಿದರು. "ಅದರ ಪಕ್ಕ ಏಳು ಅಂತ ಇದೆ."

ಅದು ಬರೆದು ಕಳಿಸದೆ ಉಳಿಸಿದ ಮೇಲುಗಳ ಫೋಲ್ಡರ್. ಬೇರೆಲ್ಲಿ ಕೂತು ಅದೇ ಖಾತೆಯಲ್ಲಿ ಬರೆದಿಟ್ಟರೂ ಇಂಟರ್ನೆಟ್ ಮೂಲಕ ಇಲ್ಲಿಗೂ ಇಳಿಯುತ್ತವೆ. ಏಳೂ ಜಯಪ್ರಿಯಾಳ ಹೆಸರಿಗೆ. ಮೊದಲನೆಯದು ಕಾಣೆಯಾದ ಸೋಮವಾರ ಸಂಜೆ ಆರೂ ನಲವತ್ತಕ್ಕೆ. ಅದನ್ನು ತೆರೆದಳು.

ತಮಿಳು ಅಕ್ಷರ. ಆದರೆ ಓದಿದರೆ ಅರ್ಥವಾಗುವುದು ಕನ್ನಡ. ಕನ್ನಡದ ಲಿಪಿ ಕಲಿಯದ ಅವಳ ಮನೆಯ ಹಿರಿಯರೂ ಹೀಗೆಯೇ ಬರೆಯುತ್ತಿದ್ದರು. ಅವಳು ಒಂದೊಂದೇ ಸಾಲನ್ನು ಮೆಲ್ಲಗೆ ಗಟ್ಟಿಯಾಗಿ ಓದಿದಳು.

'ಜಯಾ, ಆ ಕಾಗದ ಬರ್ದದ್ದು ನಾನೇ. ಪಕ್ಕದಲ್ಲಿ ಕೂತೋನು ಹೇಳಿದ್ದ ಬರ್ದೆ. ಅದಕ್ಕೆ ಮುಂಚೆ ಮೌಸ ಬಲಗೈಗೆ ತಿರುಗಿಸಿದ್ದೂ ನಾನೇ. ಅದ ನೋಡಿದ್ರೆ ನೀ ಈ ಮೆಷಿನ್ನ ಕೆದಕ್ತೀಯ, ಮೇಲ್ ತೆಗೀತೀಯ ಅಂತ. ನಿನ್ನ ಫೋನಿಗೆ ಏನೂ ಕಳಿಸಲ್ಲ. ನಿನ್ನ ಫೋನ ಅವ್ರು ನೋಡ್ತಾರೆ.'

ಗೋಕಿಲಾ ಅದನ್ನು ಇನ್ನೊಮ್ಮೆ ಓದಿದಳು. ಬೆಳಗಿನಿಂದ ಆ ಕುರ್ಚಿಯಲ್ಲಿ ಕೂತದ್ದು ರಾಮಲಿಂಗಂ ಅಲ್ಲ ಎಂದು ಸಾಧಿಸಲು ಹೊರಟಿದ್ದಳು. ಕೂತದ್ದು ಅವರೇ. ಪಕ್ಕದಲ್ಲಿ ಒಬ್ಬನನ್ನು ಇಟ್ಟುಕೊಂಡು, ಎಡಗೈಯಿಂದ, ಅವನ ಕಣ್ಣೆದುರೇ ಮಗಳಿಗೊಂದು ಗುರುತು ಬಿಟ್ಟಿದ್ದರು. ಮಗಳನ್ನು ಈ ಕೋಣೆಗೆ ಯಾರೂ ಬಿಟ್ಟಿರಲಿಲ್ಲ. ಮೇಲ್ ಫೋಲ್ಡರನ್ನು ಆಮೇಲೆ ಯಾರೋ ಅಳಿಸಿದ್ದರು.

"ಬದುಕಿದಾರಾ?" ಸೆಂದಿಲ್ ಕೇಳಿದ. ಅವನ ದನಿ ಕೇಳಿಸಿದರೂ ಕೇಳಿಸದ ಹಾಗಿತ್ತು.

ಗೋಕಿಲಾ ಕೊನೆಯದರ ಸಮಯ ನೋಡಿದಳು. ಇವತ್ತು. ಎರಡು ಗಂಟೆ ಹನ್ನೆರಡು ನಿಮಿಷ. ಈಗ ಎರಡೂ ಮೂವತ್ತೊಂದು.

"ಹತ್ತೊಂಬತ್ತು ನಿಮಿಷದ ಹಿಂದೆ ಬದುಕಿದ್ರು," ಎಂದು ಅದನ್ನು ತೆರೆದಳು.

'ಜಯಾ, ಇವತ್ತು ಮನೇಲಿ ಇರಬೇಡ. ಅಮ್ಮನ ಕರ್ಕೊಂಡು ಈಗ್ಲೇ ಹೊರಡು. ಒಬ್ಬ ಬರ್ತಾನೆ. ನಮ್ಮ ಮಾತೇ ಆಡ್ತಾನೆ, ನಮ್ಮವನ ಹಂಗೇ ಇರ್ತಾನೆ. ಬಾಗಿಲು ತೆಗೀಬೇಡ.'

ಮಾಯಣ್ಣ ಅದಾಗಲೇ ಕಾರಿನ ಬೀಗದ ಕೈ ತೆಗೆದಿದ್ದರು. ಜಯಪ್ರಿಯಾಳ ಮನೆ ಸೂಲೂರಿನಲ್ಲಿ, ಇಲ್ಲಿಂದ ಹನ್ನೊಂದು ಕಿಲೋಮೀಟರ್. ಗೋಕಿಲಾ ಫೋನ್ ಕೈಗೆತ್ತಿಕೊಂಡು, ಒತ್ತುವ ಮುಂಚೆ ಒಂದು ಕ್ಷಣ ತಡೆದಳು. ಆ ಫೋನನ್ನು ಅವರು ನೋಡುತ್ತಾರೆ. ಏನು ಹೇಳಿದರೂ ಕೇಳಿಸಿಕೊಳ್ಳುವವರಿರಬಹುದು. ಹೇಳದೆ ಇದ್ದರೆ ಬಾಗಿಲು ತೆರೆಯುತ್ತದೆ.

ಒತ್ತಿದಳು. ಎರಡನೆಯ ಸದ್ದಿಗೇ ಜಯಪ್ರಿಯಾ ಎತ್ತಿಕೊಂಡಳು.

"ಅಕ್ಕಾ, ನಾನೇ ನಿಮ್ಮನ್ನ ಫೋನಲ್ಲಿ ಕೂಪಿಡೋಣ ಅಂತಿದ್ದೆ." ಅವಳ ದನಿಯಲ್ಲಿ ಗಾಬರಿಯಿರಲಿಲ್ಲ. ಒಂಬತ್ತು ದಿನಗಳಲ್ಲಿ ಮೊದಲ ಸಲ ಸ್ವಲ್ಪ ಹಗುರವಾಗಿತ್ತು. "ಅಪ್ಪನ ವಿಷಯ ಏನೋ ಸಿಕ್ಕಿದೆಯಂತಲ್ಲ."

"ಯಾರು ಹೇಳಿದ್ರು?"

"ನೀವು ಕಳಿಸಿದ್ರಲ್ಲ, ಅವರು. ಈಗ ತಾನೇ ಬಂದ್ರು. ಅಮ್ಮ ಕಾಫಿ ಕೊಟ್ಟಿದಾರೆ. ನಮ್ಮನ್ನ ಇಬ್ಬರನ್ನೂ ಕರ್ಕೊಂಡು ಹೋಗ್ಬೇಕಂತೆ, ನೀವು ಹೇಳಿದೀರಂತೆ. ಹೊರಡ್ತಾ ಇದೀವಿ."

ಗೋಕಿಲಾ ದನಿಯನ್ನು ಹಿಡಿದಿಟ್ಟುಕೊಂಡಳು. "ಜಯಾ, ಹೆಸರು ಏನಂದ್ರು ಅವರು?"

"ಹೆಸರು ಕೇಳ್ಕೊಂಡೇ ಬಾಗಿಲು ತೆಗೆದೆ ಅಕ್ಕಾ. ನೀವು ಹೇಳ್ತಾ ಇರ್ತೀರಲ್ಲ, ನಾನು ನೋಡೇ ಇರ್ಲಿಲ್ಲ, ನಿಮ್ಮ ಮಾಮ. ಮಾಯಣ್ಣ."

ಮಾಯಣ್ಣ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತು, ಯಾಕೆ ತಡ ಎಂಬಂತೆ ಗೋಕಿಲಾಳ ಮುಖವನ್ನೇ ನೋಡುತ್ತಿದ್ದರು.